ಬಯಲಿಗೂ ಒಂದು ಪಾಳಿ

ಸಂಜೆ ನಾಲ್ಕೂವರೆಯ ಸುಮಾರಿಗೆ ಶಾಲೆ ಬಿಡುತ್ತದೆ. ನವೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ನಡುವಿನ ಒಂದೂವರೆ ತಾಸಿನ ಮೇಲೆ ಎಷ್ಟು ಮಂದಿಯ ಕಣ್ಣಿದೆ ಎಂದು ಎಣಿಸಿದರೆ ಆಟದ ಬಯಲಿನ ಜಗಳ ಅರ್ಧ ತಿಳಿದಂತೆಯೇ. ತಾಲೂಕು ಮಟ್ಟದ ಪಂದ್ಯಕ್ಕೆ ತಯಾರಾಗುವ ಪ್ರೌಢಶಾಲೆಯ ಖೊಖೊ ತಂಡ, ವಾಲಿಬಾಲ್ ನೆಟ್ ಕಟ್ಟುವ ಯುವಕ ಸಂಘ, ಓಣಿಯ ಟೆನಿಸ್ ಬಾಲ್ ಕ್ರಿಕೆಟ್ಟಿನ ಹುಡುಗರು, ಪೊಲೀಸ್ ಮತ್ತು ಸೇನೆಯ ಭರ್ತಿಗೆ ಓಡುವ ತರುಣರು, ಇವರೆಲ್ಲರ ಸುತ್ತ ನಾಲ್ಕು ಸುತ್ತು ನಡೆದು ಹೋಗಲು ಬಂದ ಹಿರಿಯರು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಇದೇ ಚಿತ್ರ. ಬೈಲಹೊಂಗಲವಂತೂ ಹೆಸರಿನ ಮುಂದೆಯೇ ಬೈಲು ಇಟ್ಟುಕೊಂಡ ಊರು. ಬಯಲು ಸಾಲುತ್ತಿಲ್ಲ, ಹೊಸ ಕ್ರೀಡಾಂಗಣ ಬೇಕು ಎಂಬುದು ಎಲ್ಲ ಸಭೆಗಳಲ್ಲಿ ಕೇಳುವ ಮಾತು. ನನಗೆ ಕಾಣುವ ಮಟ್ಟಿಗೆ ಇಲ್ಲಿ ನೆಲದ ಕೊರತೆಗಿಂತ ಹೊತ್ತಿನ ಕೊರತೆ ದೊಡ್ಡದು. ಇರುವ ಹೊತ್ತನ್ನು ಹಂಚುವ ಕಟ್ಟಳೆಯ ಕೊರತೆ ಅದಕ್ಕಿಂತ ದೊಡ್ಡದು. ಈ ಮಾತು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನೋಡಲು ಬಯಲಿನ ಹಿಂದಿನ ಕತೆಯನ್ನೂ ಅದರ ಸುತ್ತ ಬೆಳೆದ ವಾದಗಳನ್ನೂ ಒಂದೊಂದಾಗಿ ಎದುರಿಗಿಟ್ಟುಕೊಳ್ಳಬೇಕು.

ಕಣದಿಂದ ಕ್ರೀಡಾಂಗಣಕ್ಕೆ

ಈ ಸೀಮೆಯಲ್ಲಿ ಆಟಕ್ಕೆಂದೇ ಮೀಸಲಾದ ನೆಲ ಬಹಳ ಹಳೆಯದಲ್ಲ. ಕುಸ್ತಿಗೆ ಗರಡಿ ಮನೆ ಇತ್ತು. ಅದರ ಕೆಂಪು ಮಣ್ಣಿನ ಮಟ್ಟಿ, ಒಳಗೆ ಹೋಗುವವರು ಯಾರು ಎಂಬುದು, ಉಸ್ತಾದನ ಮಾತು, ಎಲ್ಲಕ್ಕೂ ಒಂದು ಕ್ರಮವಿತ್ತು. ಉಳಿದ ಆಟಗಳು ಇನ್ನೊಬ್ಬರ ನೆಲದಲ್ಲಿ, ಇನ್ನೊಂದು ಕೆಲಸದ ಬಿಡುವಿನಲ್ಲಿ ನಡೆದವು. ಸುಗ್ಗಿ ಮುಗಿದ ಮೇಲೆ ಖಾಲಿಯಾದ ಕಣ, ಜೋಳ ಕೊಯ್ದ ಎರೆ ಹೊಲ, ದನ ಮೇಯುವ ಗಾಯರಾಣ, ಗುಡಿಯ ಮುಂದಿನ ಬಯಲು. ಯಾರ ಅಪ್ಪಣೆಯೂ ಬೇಕಿರಲಿಲ್ಲ, ಯಾಕೆಂದರೆ ಯಾರೂ ಅದನ್ನು ಆಟದ ಮೈದಾನ ಎಂದು ಕರೆಯುತ್ತಿರಲಿಲ್ಲ.

1956ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬೈ ಪ್ರಾಂತದೊಳಗೆ ಸೇರಿತು. ಹೀಗಾಗಿ ಶಾಲೆಯ ಆಟದ ಸಂಪ್ರದಾಯ ಪುಣೆ, ಮುಂಬೈಗಳ ಕಡೆಯಿಂದ ಬಂತು. ಖೊಖೊ, ಹುತುತು (ಕಬಡ್ಡಿ) ಆಟಗಳಿಗೆ ಅಳತೆ, ನಿಯಮ ಕೂಡಿಸಿದ್ದರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಪಾಲು ದೊಡ್ಡದು. 1938ರಲ್ಲಿ ಮುಂಬೈಯ ಕಾಂದಿವಲಿಯಲ್ಲಿ ಸರಕಾರಿ ದೈಹಿಕ ಶಿಕ್ಷಣ ತರಬೇತಿ ಸಂಸ್ಥೆ ಆರಂಭವಾದ ಮೇಲೆ ಲೇಜಿಮು, ಡಂಬೆಲ್ಸು, ಕವಾಯತುಗಳೊಂದಿಗೆ ಪಿ.ಟಿ. ಮಾಸ್ತರರೆಂಬ ಹೊಸ ವರ್ಗ ಬೆಳೆಯಿತು. ಅದಕ್ಕೂ ಮೊದಲು ಡಾ. ನಾ.ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ, ಸಾಲುಗಟ್ಟಿ ನಿಲ್ಲುವ ಶಿಸ್ತನ್ನು ಈ ಭಾಗದ ತರುಣರಿಗೆ ಪರಿಚಯಿಸಿತ್ತು. ಬಯಲು ಆಗ ಮೊದಲ ಬಾರಿಗೆ ಗೆರೆ ಕಂಡಿತು. ಗೆರೆ ಬಿದ್ದಲ್ಲಿ ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಪ್ರಶ್ನೆಯೂ ಹುಟ್ಟಿತು.

ಆಮೇಲಿನದು ಯೋಜನೆಗಳ ಕಾಲ. 2008ರಲ್ಲಿ ಕೇಂದ್ರ ಸರಕಾರದ ಗ್ರಾಮೀಣ ಕ್ರೀಡಾ ಯೋಜನೆ ಪೈಕಾ ಪಂಚಾಯಿತಿಗೊಂದು ಆಟದ ಬಯಲಿನ ಆಸೆ ಹುಟ್ಟಿಸಿತು. 2014ರಲ್ಲಿ ಅದು ರಾಜೀವ್ ಗಾಂಧಿ ಖೇಲ್ ಅಭಿಯಾನವಾಯಿತು, ಮುಂದೆ ಖೇಲೋ ಇಂಡಿಯಾದಲ್ಲಿ ಕರಗಿತು. ಉದ್ಯೋಗ ಖಾತ್ರಿಯಲ್ಲಿ ಶಾಲೆಗಳಿಗೆ ಕಾಂಪೌಂಡು, ಕಬಡ್ಡಿ, ಖೊಖೊ ಅಂಕಣಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದಿತು. ಎಷ್ಟು ದೊಡ್ಡದು ಎಂಬುದನ್ನು ಅದರ ಅನುಸೂಚಿ ಹೇಳಲಿಲ್ಲ. ಈ ಎಲ್ಲದರ ಲಕ್ಷ್ಯ ಬಯಲನ್ನು ಕಟ್ಟುವುದರ ಮೇಲೆ. ಕಟ್ಟಿದ ಬಯಲನ್ನು ಹಂಚಿಕೊಳ್ಳುವುದು ಹೇಗೆ ಎಂಬ ಮಾತು ಯಾವ ಯೋಜನೆಯ ಹೊಟ್ಟೆಯಲ್ಲೂ ಹೆಚ್ಚಾಗಿ ಸಿಗುವುದಿಲ್ಲ.

ನೆಲದ ಲೆಕ್ಕ, ಮಣ್ಣಿನ ಗುಣ

ಅಳತೆಯಿಂದಲೇ ಶುರು ಮಾಡೋಣ. ಹಿರಿಯರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಒಂದೂಕಾಲು ಗುಂಟೆಗೆ ತುಸು ಹೆಚ್ಚು. 18ಕ್ಕೆ 9 ಮೀಟರಿನ ವಾಲಿಬಾಲ್ ಅಂಕಣಕ್ಕೆ 1.6 ಗುಂಟೆ. 27ಕ್ಕೆ 16 ಮೀಟರಿನ ಖೊಖೊಗೆ ನಾಲ್ಕೂಕಾಲು ಗುಂಟೆ. 60 ಮೀಟರ್ ಬೌಂಡರಿ ಇಟ್ಟು ಕ್ರಿಕೆಟ್ ಆಡಿದರೆ 2 ಎಕರೆ 32 ಗುಂಟೆ ಬೇಕು. ಎಂಟು ಲೇನಿನ 400 ಮೀಟರ್ ಓಟದ ಟ್ರ್ಯಾಕಿಗೆ ಹತ್ತಿರ ಹತ್ತಿರ ನಾಲ್ಕು ಎಕರೆ. ಕ್ರಿಕೆಟ್ ಹಿಡಿಯುವ ನೆಲದಲ್ಲಿ ಸುತ್ತ ತೆರಪು ಬಿಟ್ಟೇ ಹತ್ತು ಖೊಖೊ ಅಂಕಣ ಕೂಡುತ್ತವೆ. ಅಲ್ಲಿ ಏಕಕಾಲಕ್ಕೆ ಕಣದಲ್ಲಿರುವ ಮಕ್ಕಳು ನೂರಿಪ್ಪತ್ತು, ಕ್ರಿಕೆಟ್ಟಿನಲ್ಲಿ ಹದಿಮೂರು. ಕ್ರಿಕೆಟ್ಟಿನ ಮೇಲೆ ಸಿಟ್ಟು ಮಾಡಲು ಈ ಲೆಕ್ಕ ಹೇಳುತ್ತಿಲ್ಲ. ಓಣಿಯ ಹುಡುಗರು ಅದನ್ನೇ ಬಯಸುತ್ತಾರೆ, ಬಯಕೆಗೂ ಬೆಲೆ ಇದೆ. ಆದರೆ ಒಂದು ಗುಂಪಿಗೆ ಒಂದು ಬಯಲು, ಒಂದು ತಾಸು ಎಂದು ಸರಳವಾಗಿ ಹಂಚಿದರೆ ಅದು ಸಮಪಾಲಾಗುವುದಿಲ್ಲ ಎಂಬುದಕ್ಕೆ ಇದು ಸಾಕು.

ಮಣ್ಣು ಇನ್ನೊಂದು ಷರತ್ತು ಹಾಕುತ್ತದೆ. ಕಿತ್ತೂರಿನ ಪಡುವಣ ಭಾಗ ಮಲೆನಾಡಿನ ಸೆರಗು. ಮಳೆ ಹೆಚ್ಚು, ಕೆಂಪು ಮಣ್ಣೂ ಉಂಟು. ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗಗಳ ಕಡೆ ಹೋದಂತೆ ಎರೆಭೂಮಿ ಹರಡುತ್ತದೆ. ಎರೆ ಮಣ್ಣಿನ ಬಯಲು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಹಿಟ್ಟಿನ ಮುದ್ದೆಯಾಗುತ್ತದೆ. ಹಸಿ ಇದ್ದಾಗ ಒಂದು ಟ್ರ್ಯಾಕ್ಟರ್ ಹಾದುಹೋದರೆ ಸಾಕು. ಬಿಸಿಲು ಬಿದ್ದ ಮೇಲೆ ಆ ಗಾಲಿಯ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಓಡುವ ಹುಡುಗನ ಪಾದ ಅದರ ಅಂಚಿಗೆ ಬಿದ್ದರೆ ಹಿಮ್ಮಡಿಗಂಟು ಹೊರಳುತ್ತದೆ, ಅಲ್ಲಿಗೆ ಆ ವರ್ಷದ ಆಟ ಮುಗಿಯಿತು. ಶಾಲೆಗಳ ವಲಯ ಮತ್ತು ತಾಲೂಕು ಮಟ್ಟದ ಕ್ರೀಡಾಕೂಟಗಳು ಬರುವುದು ಹೆಚ್ಚಾಗಿ ಮಳೆಗಾಲದಲ್ಲೇ. ಹಿಂದಿನ ದಿನ ಮಾಸ್ತರರು ಗೂಟ ಬಡಿದು, ಹಗ್ಗ ಎಳೆದು, ಬುಟ್ಟಿಯಿಂದ ಸುಣ್ಣದ ಪುಡಿ ಉದುರಿಸುತ್ತ ಗೆರೆ ಹಾಕುತ್ತಾರೆ. 400 ಮೀಟರ್ ಕೂಡದಿದ್ದಲ್ಲಿ 200 ಮೀಟರಿನ ಸುತ್ತಿಗೇ ಸಮಾಧಾನಪಟ್ಟುಕೊಳ್ಳುತ್ತಾರೆ. ರಾತ್ರಿ ಒಂದು ಮಳೆ ಹೊಡೆದರೆ ಗೆರೆಯೂ ಇಲ್ಲ, ನೆಲವೂ ಇಲ್ಲ. ಇಂಥ ಮಣ್ಣಿಗೆ ಬಿಡುವು ಬೇಕು. ಯಾರು ಆಡಬೇಕು ಎಂಬಷ್ಟೇ, ಯಾವಾಗ ಯಾರೂ ಆಡಕೂಡದು ಎಂಬುದೂ ಹಂಚಿಕೆಯ ಭಾಗ. ಹುಲ್ಲಿನ ಮೈದಾನದ ಊರುಗಳಿಂದ ಎರವಲು ತಂದ ಮಾದರಿಗಳು ಎರೆ ಸೀಮೆಯಲ್ಲಿ ಎಡವುವುದು ಇಲ್ಲೇ.

ಶಾಲೆಯ ಗೇಟಿನ ವಾದ

ಬಯಲನ್ನು ಹಂಚುವ ಬಗ್ಗೆ ಇರುವ ಪಂಥಗಳಲ್ಲಿ ಮೊದಲನೆಯದು ಶಾಲೆಯದು. ಬಯಲು ಶಾಲೆಯ ಹೆಸರಿನಲ್ಲಿದೆ, ಅಲ್ಲಿ ಮಕ್ಕಳು ಕೂತು ಪ್ರಾರ್ಥನೆ ಮಾಡುತ್ತಾರೆ, ಮುರಿದ ಬಾಟಲಿ ಬೆಳಿಗ್ಗೆ ಅವರ ಕಾಲಿಗೇ ಚುಚ್ಚುತ್ತದೆ; ಆದ್ದರಿಂದ ಶಾಲೆ ಬಿಟ್ಟ ಮೇಲೆ ಗೇಟಿಗೆ ಕೀಲಿ ಬೀಳಬೇಕು. ಮುಖ್ಯೋಪಾಧ್ಯಾಯರನ್ನು, ಶಾಲಾಭಿವೃದ್ಧಿ ಸಮಿತಿಯನ್ನು (ಎಸ್‌ಡಿಎಂಸಿ) ಇದಕ್ಕೆ ದೂರಲಾಗದು. ಅನಾಹುತವಾದರೆ ಕೇಳುವುದು ಅವರನ್ನೇ. 2013ರಲ್ಲಿ ಶಿಕ್ಷಣ ಇಲಾಖೆ ಶಾಲೆಯ ಆವರಣ ಮತ್ತು ಮೈದಾನಗಳನ್ನು ಶೈಕ್ಷಣಿಕವಲ್ಲದ ಚಟುವಟಿಕೆಗೆ ಕೊಡಬಾರದೆಂದು ಹೊರಡಿಸಿದ ಸುತ್ತೋಲೆ ಈ ವಾದಕ್ಕೆ ಬಲ ಕೊಟ್ಟಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ ಇನ್ನೂ ಮುಂದೆ ಹೋಗಿ, ಸರಕಾರಿ ಜಾಗಗಳಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರಲು ಖಾಸಗಿ ಸಂಘಗಳು ಮೊದಲೇ ಅನುಮತಿ ಪಡೆಯಬೇಕೆಂಬ ಆದೇಶ ತಂದಿತು. ಅದೇ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಆದೇಶ ಸುದ್ದಿಯಾದದ್ದು ರಾಜಕೀಯದ ಕಾರಣಕ್ಕೆ. ಆದರೆ ಹತ್ತರ ಮಿತಿಯೊಳಗೆ ಹನ್ನೊಂದು ಜನರ ಕ್ರಿಕೆಟ್ ತಂಡವೂ ಹಿಡಿಯುವುದಿಲ್ಲ ಎಂಬುದು ಆಟದ ಕಡೆಯಿಂದ ನೋಡಿದವರಿಗೆ ಹೊಳೆಯದೆ ಇರದು.

ಶಾಲೆಯ ವಾದ ಬಯಲು ಹಾಳಾಗುವುದು ಏಕೆ ಎಂಬುದನ್ನು ಚೆನ್ನಾಗಿ ವಿವರಿಸುತ್ತದೆ: ಕಾಯುವವರಿಲ್ಲದ ನೆಲ ಎಲ್ಲರದೂ ಆಗಿ ಯಾರದೂ ಆಗದೆ ಹೋಗುತ್ತದೆ. ಕೀಲಿ ಹಾಕಿದ ಮೇಲೆ ಒಳಗಿನ ಎರಡು ಎಕರೆ ಖಾಲಿ ಬಿದ್ದಿದ್ದು, ಹೊರಗಿನ ರಸ್ತೆಯ ಮೇಲೆ ಮಕ್ಕಳು ಆಡುವುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ. 2022ರ ಮೇ ತಿಂಗಳಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಿಂದ ಸಂಜೆ ಏಳಕ್ಕೆಲ್ಲ ಓಟಗಾರರನ್ನು ಹೊರಕಳಿಸಿ, ಅಧಿಕಾರಿಯೊಬ್ಬರು ಅಲ್ಲಿ ನಾಯಿ ಅಡ್ಡಾಡಿಸುತ್ತಾರೆ ಎಂಬ ವರದಿ ಬಂದಾಗ ದೇಶವೇ ನಕ್ಕಿತು, ಸಿಟ್ಟೂ ಮಾಡಿತು. ಕೀಲಿ ಯಾರ ಕೈಯಲ್ಲಿದೆಯೋ ಅವರದೇ ಬಯಲು ಎಂಬುದು ದೊಡ್ಡ ಊರಿಗೂ ಸಣ್ಣ ಊರಿಗೂ ಒಂದೇ.

ಊರ ಬಯಲಿನ ವಾದ

ಇದಕ್ಕೆ ಎದುರಾದ ಪಂಥ ಹೇಳುವುದು: ನೆಲ ಸರಕಾರದ್ದು, ಅಂದರೆ ಊರಿನದು, ಗೋಡೆ ಬೇಡ, ಪಟ್ಟಿ ಬೇಡ, ಆಡುವವರು ತಾವೇ ಹೊಂದಿಸಿಕೊಳ್ಳುತ್ತಾರೆ. ಈ ವಾದವನ್ನು ಹಗುರಾಗಿ ತೆಗೆದುಕೊಳ್ಳಬಾರದು. ಒಂದೇ ಬಯಲಿನಲ್ಲಿ ಅಡ್ಡಡ್ಡ ಮೂರು ಕ್ರಿಕೆಟ್ ಆಟ ನಡೆದು, ಒಬ್ಬರ ಲಾಂಗಾನ್ ಇನ್ನೊಬ್ಬರ ಸ್ಲಿಪ್ ಆಗಿ, ಯಾರ ಚೆಂಡು ಯಾರ ಕಾಲಿಗೆ ಬಂತೆಂಬುದೆಲ್ಲ ಕೂಗಿನಲ್ಲೇ ತೀರ್ಮಾನವಾಗುವುದನ್ನು ಯಾವ ಅಧಿಕಾರಿಯೂ ಬರೆದು ಕೊಡಲಾರ. ಊರಿನ ಹಬ್ಬಗಳೂ ಬಯಲನ್ನೇ ಕೇಳುತ್ತವೆ. ಅಕ್ಟೋಬರ್ 23ರಿಂದ 25ರವರೆಗಿನ ಕಿತ್ತೂರು ಉತ್ಸವ, ಜನವರಿಯ ಸಂಗೊಳ್ಳಿ ಉತ್ಸವ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಚಕ್ಕಡಿ, ಟ್ರ್ಯಾಕ್ಟರ್‌ಗಳ ಬಿಡಾರ, ಇವೆಲ್ಲ ಊರಿನ ಹಕ್ಕೇ. ಕುಸ್ತಿಯಂಥ ಆಟ ಉಳಿದಿರುವುದೂ ಬಹುಪಾಲು ಉತ್ಸವ, ಜಾತ್ರೆಗಳ ಕಣದಿಂದ.

ಆದರೆ ತಾವೇ ಹೊಂದಿಸಿಕೊಳ್ಳುವವರು ಒಂದೇ ವಯಸ್ಸಿನ, ಒಂದೇ ಓಣಿಯ, ಮುಖ ಪರಿಚಯದ ಗಂಡುಹುಡುಗರು. ಹನ್ನೆರಡರ ಹುಡುಗನಿಗೂ ಇಪ್ಪತ್ತೆರಡರ ತರುಣನಿಗೂ ನಡುವೆ ಹೊಂದಾಣಿಕೆ ಎಂದರೆ ಹುಡುಗ ಬದಿಗೆ ಸರಿದು ಚೆಂಡು ಹೆಕ್ಕಿ ಕೊಡುವುದು. ಬಹುಮಾನದ ಹಣವಿಟ್ಟ ಟೆನಿಸ್ ಬಾಲ್ ಟೂರ್ನಿ ಬಂದರಂತೂ ವಾರಗಟ್ಟಲೆ ಬಯಲು ಅವರದೇ. ಬಯಲನ್ನು ಬೇರೆ ಕೆಲಸಕ್ಕೆ ತಿರುಗಿಸದಂತೆ ಕಾಯಲು 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯಿದೆ. ಬಯಲಿನೊಳಗೆ ಬಲಿಷ್ಠನಿಂದ ಎಳೆಯನನ್ನು ಕಾಯುವುದು ಅದರ ಕೆಲಸವಲ್ಲ.

ಪದಕದ ವಾದ, ರೊಕ್ಕದ ವಾದ

ಮೂರನೆಯವರು ಪ್ರತಿಭೆಯ ಮಾತಾಡುತ್ತಾರೆ. ಒಳ್ಳೆಯ ನೆಲ ಒಳ್ಳೆಯ ಆಟಗಾರರಿಗೆ ಮೀಸಲಾಗಲಿ, ಉಳಿದವರು ಎಲ್ಲಾದರೂ ಆಡಲಿ. ರಾಮದುರ್ಗ ತಾಲೂಕಿನ ಚಂದರಗಿಯ ವಸತಿ ಕ್ರೀಡಾ ಶಾಲೆ, ಕಿತ್ತೂರಿನಲ್ಲಿ 1969ರಲ್ಲಿ ಆರಂಭವಾದ ರಾಣಿ ಚನ್ನಮ್ಮ ಬಾಲಕಿಯರ ವಸತಿ ಸೈನಿಕ ಶಾಲೆ, ಇವುಗಳ ಮಕ್ಕಳಿಗೆ ಮೈದಾನವೂ ಹೊತ್ತೂ ಗಟ್ಟಿಯಾಗಿ ಸಿಗುವುದರ ಗುಣ ಕಣ್ಣಿಗೆ ಕಾಣುತ್ತದೆ. ಮೀಸಲಿನ ಮಾತು ಸಾರ್ವಜನಿಕ ಕ್ರೀಡಾಂಗಣಕ್ಕೆ ಬಂದಾಗ ತೊಡಕಾಗುತ್ತದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2014ರಿಂದ ಫುಟ್ಬಾಲ್ ಕ್ಲಬ್ಬೊಂದು ಆಡತೊಡಗಿದ ಮೇಲೆ, ಭರ್ಜಿ, ಹ್ಯಾಮರ್ ಎಸೆಯುವವರಿಂದ ಹುಲ್ಲು ಹಾಳಾಗುತ್ತದೆಂದು ಒಂದು ಕಡೆ, ಅಥ್ಲೀಟುಗಳ ಸಂಜೆಯೇ ಹೋಯಿತೆಂದು ಇನ್ನೊಂದು ಕಡೆ ಜಗ್ಗಾಟ ನಡೆದು ವ್ಯಾಜ್ಯ ಹೈಕೋರ್ಟಿನ ತನಕ ಹೋಯಿತು. ಎರಡೂ ಕಡೆ ಪ್ರತಿಭಾವಂತರೇ ಇದ್ದರು! ಪ್ರತಿಭೆಯ ತಕ್ಕಡಿಯಲ್ಲಿ ಆ ಜಗಳ ತೂಗಲು ಬರುವಂಥದಾಗಿರಲಿಲ್ಲ.

ಈ ಪಂಥದ ಕಣ್ಣಿಗೆ ಬೀಳದ ಇನ್ನೊಂದು ದೊಡ್ಡ ಗುಂಪಿದೆ: ಭರ್ತಿಗೆ ಓಡುವವರು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಗಂಡುಮಗ 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಣ್ಣುಮಗಳು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಜಿಲ್ಲೆಯಲ್ಲಿ ಸೇನೆಯ ಕನಸು ಮನೆಮನೆಯದು. 2022ರಲ್ಲಿ ಅಲ್ಪಾವಧಿ ಭರ್ತಿಯ ಅಗ್ನಿಪಥ ಯೋಜನೆ ಬಂದ ಮೇಲೂ ಓಟ ನಿಂತಿಲ್ಲ. ಇವರು ಯಾವ ಶಾಲೆಯ ತಂಡವೂ ಅಲ್ಲ, ಯಾವ ಸಂಘದ ಸದಸ್ಯರೂ ಅಲ್ಲ. ಪದಕ ತರುವುದಿಲ್ಲ, ಸಂಬಳ ತರುತ್ತಾರೆ. ಬಯಲಿನ ಮೇಲೆ ಇವರಿಗೆ ಹಕ್ಕಿಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಹಕ್ಕಿದೆ ಎಂದು ಬರೆದ ಕಾಗದವೂ ಇಲ್ಲ.

ನಾಲ್ಕನೆಯ ವಾದ ರೊಕ್ಕದ್ದು. ಆಡುವವರು ಇಷ್ಟಿಷ್ಟು ಕೊಟ್ಟರೆ ನೀರು ಹೊಡೆಯಬಹುದು, ರೋಲರ್ ಎಳೆಯಬಹುದು, ಕಾವಲುಗಾರನನ್ನು ಇಡಬಹುದು. ತರ್ಕ ಸರಿ. ಆದರೆ ಮಲಪ್ರಭೆಯ ಸೀಮೆಗೆ ಕರದ ಒಂದು ಹಳೆಯ ನೆನಪಿದೆ. 1980ರಲ್ಲಿ ನರಗುಂದ, ನವಲಗುಂದ, ಸವದತ್ತಿಗಳ ರೈತರು ಎದ್ದು ನಿಂತದ್ದು ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ. ಕಾಲುವೆಯ ತುದಿಗೆ ನೀರೇ ಮುಟ್ಟದೆ ಕರ ಮಾತ್ರ ಮುಟ್ಟಿತ್ತು. ಬಯಲಿನ ಶುಲ್ಕಕ್ಕೂ ಅದೇ ಗತಿ ಬರಬಹುದು. ಕೊಡಬಲ್ಲ ಟೂರ್ನಿಯವರು ಕೊಟ್ಟು ಬಯಲು ಹಿಡಿಯುತ್ತಾರೆ. ಕೊಡಲಾರದ ಶಾಲೆಯ ಹುಡುಗಿ ತುದಿಯ ಹೊಲದವಳಾಗುತ್ತಾಳೆ.

ಕಾಲುವೆ ಕಲಿಸಿದ್ದು

ಹಂಚಿಕೆಯ ಬಗ್ಗೆ ನಮ್ಮಲ್ಲಿ ಸಿದ್ಧವಾಗಿಯೇ ಇರುವ ಜ್ಞಾನವೂ ಕಾಲುವೆಯದೇ. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಹೊಲ ಇರುವವರಿಗೆ ಪಾಳಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಯಾರ ಹೊಲಕ್ಕೆ ಎಷ್ಟು ತಾಸು, ಯಾರ ಹಿಂದೆ ಯಾರು, ಕಾಲುವೆ ಬಂದ್ ಇರುವ ದಿನ ಯಾವುದು, ತಪ್ಪಿ ತೂಬು ತೆಗೆದರೆ ಏನು. ಇಂಥ ಹಂಚಿಕೆಯ ಬಗ್ಗೆ ವಿದ್ವಾಂಸರ ವಾದವೂ ಉಂಟು. ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ, ಎಲ್ಲರಿಗೂ ತೆರೆದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ವಾದಿಸಿದ. ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಸ್ಪೇನಿನ ವೆಲೆನ್ಸಿಯಾದ ನೀರಾವರಿಯಂಥ ಉದಾಹರಣೆಗಳನ್ನಿಟ್ಟು ಅದಕ್ಕೆ ಉತ್ತರ ಕೊಟ್ಟರು. 2009ರ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ವೆಲೆನ್ಸಿಯಾದಲ್ಲಿ ನೀರಿನ ಪಂಚಾಯಿತಿ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲ ಮುಂದೆ ಕೂಡುತ್ತದೆ, ರೈತರೇ ರೈತರ ತಂಟೆ ತೀರಿಸುತ್ತಾರೆ. ಬಳಸುವವರೇ ನಿಯಮ ಮಾಡಿ, ಬಳಸುವವರೇ ಕಾದು, ತಪ್ಪಿಗೆ ಮೊದಲು ಸಣ್ಣ ದಂಡ ಹಾಕಿದರೆ ಎಲ್ಲರ ಸೊತ್ತು ನೂರಾರು ವರ್ಷ ಉಳಿಯುತ್ತದೆ ಎಂಬುದು ಆಸ್ಟ್ರಮ್ ಕಂಡದ್ದು.

ಬಯಲಿಗೆ ಇದನ್ನು ತಂದರೆ ಹೇಗಿರುತ್ತದೆ? ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಅಂಚಿನ ಸುತ್ತು ಭರ್ತಿಗೆ ಓಡುವವರಿಗೆ, ಶಾಲೆ ಬಿಟ್ಟ ಮೊದಲ ತಾಸು ಹದಿನಾಲ್ಕರೊಳಗಿನವರಿಗೆ ಮತ್ತು ಹುಡುಗಿಯರಿಗೆ, ಆಮೇಲಿನದು ದೊಡ್ಡವರಿಗೆ, ಕ್ರಿಕೆಟ್ಟಿಗೆ ವಾರದಲ್ಲಿ ಇಂತಿಷ್ಟು ಸಂಜೆ, ಮಳೆ ಬಿದ್ದ ಮೇಲೆ ನೆಲ ಆರುವ ತನಕ ಯಾರಿಗೂ ಇಲ್ಲ, ಹಬ್ಬ, ಸಭೆ, ಟೂರ್ನಿಯವರು ನೆಲವನ್ನು ಮೊದಲಿದ್ದಂತೆ ಮಾಡಿಕೊಟ್ಟು ಹೋಗಬೇಕು. ಗೋಡೆಯ ಮೇಲೆ ಬರೆದ ಹತ್ತು ಸಾಲು. ನೆಲ ಸಾಲದು ಎನ್ನುವವರ ಬೇಡಿಕೆ ಸುಳ್ಳಲ್ಲ, ಬೆಳೆಯುವ ಊರಿಗೆ ಹೊಸ ಬಯಲು ಬೇಕೇ ಬೇಕು. ಆದರೆ ಪಾಳಿ ಇಲ್ಲದ ಹೊಸ ಬಯಲಿಗೂ ಹಳೆಯ ಜಗಳವೇ ವಲಸೆ ಹೋಗುತ್ತದೆ.

ಇದರ ಮೇಲಿನ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾದವು. ಬರೆದ ನಿಯಮ ಬಲಿಷ್ಠನ ಕೈಯ ಆಯುಧವಾಗುತ್ತದೆ, ಸಮಿತಿ ಮಾಡಿದರೆ ಪುಢಾರಿಗಳೇ ಕೂರುತ್ತಾರೆ ಎಂಬುದು ಒಂದು. ನಿಜ, ಆದರೆ ಬರೆಯದ ನಿಯಮ ಈಗಾಗಲೇ ಬಲಿಷ್ಠನ ಕೈಯಲ್ಲೇ ಇದೆ. ಗೋಡೆಯ ಮೇಲೆ ಬರೆದದ್ದನ್ನು ಏಳನೆಯ ತರಗತಿಯ ಹುಡುಗ ಬೆರಳಿಟ್ಟು ತೋರಿಸಬಲ್ಲ, ಅಷ್ಟು ಲಾಭ. ಎರಡನೆಯದು, ಇದನ್ನು ನಡೆಸುವವರು ಯಾರು? ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ನಡುವೆ ಶಿಕ್ಷಕರ ಕೊರಳಿಗೆ ಇನ್ನೊಂದು ಗಂಟೆ ಕಟ್ಟುವುದು ಅನ್ಯಾಯ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಆಸ್ಟ್ರಮ್ ಕಂಡ ರೈತರಿಗೆ ನೀರು ಹೊಟ್ಟೆಯ ಪ್ರಶ್ನೆಯಾಗಿತ್ತು, ಅದಕ್ಕೇ ಅವರು ಕಾದರು. ಆಟಗಾರ ಹುಡುಗರು ಮೂರು ನಾಲ್ಕು ವರ್ಷಕ್ಕೆ ಬೆಳೆದು ಊರು ಬಿಡುತ್ತಾರೆ. ಹೋಲಿಕೆ ಕುಂಟುವುದು ಇಲ್ಲಿ.

ಹುಡುಗಿಯರ ಹೊತ್ತು

ಪಾಳಿಯ ವಾದಕ್ಕೆ ನಿಜವಾದ ಪರೀಕ್ಷೆ ಹುಡುಗಿಯರದು. ಅಮೆರಿಕದ ಲಾಸ್ ಏಂಜಲಿಸಿನಲ್ಲಿ 1998ರಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಲೀಗೊಂದು, ಹುಡುಗರ ಬೇಸ್‌ಬಾಲ್ ತಂಡಗಳಿಗೆ ನಗರದ ಒಳ್ಳೆಯ ಮೈದಾನ ಕಾಯಂ ಸಿಗುತ್ತದೆ, ತಮಗೆ ಉಳಿಕೆಯದು ಎಂದು ನಗರಾಡಳಿತದ ಮೇಲೆ ದಾವೆ ಹೂಡಿತು. ಅದರ ಜಾಡಿನಲ್ಲಿ 2004ರಲ್ಲಿ ಕ್ಯಾಲಿಫೋರ್ನಿಯಾ, ಊರಿನ ಯುವ ಕ್ರೀಡೆಗೆ ಮೈದಾನ ಹಂಚುವಾಗ ಗಂಡು ಹೆಣ್ಣೆಂದು ಭೇದ ಮಾಡಕೂಡದೆಂಬ ಕಾನೂನು ತಂದಿತು. ನಮ್ಮಲ್ಲಿ ಹುಡುಗಿಯರು ದಾವೆ ಹೂಡುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. 14ರೊಳಗಿನ ವಿಭಾಗದಲ್ಲಿ ಆಡಿದವಳು 17ರೊಳಗಿನ ವಿಭಾಗಕ್ಕೆ ಬರುವ ಹೊತ್ತಿಗೆ ಮನೆಯವರು ಕತ್ತಲೆಯ ಮಾತಾಡುತ್ತಾರೆ, ಊರಿನ ಕೊನೆಯ ಬಸ್ಸಿನ ಮಾತಾಡುತ್ತಾರೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ಟಿನ ಖರ್ಚಿಲ್ಲ. ಬಸ್ಸಿನ ಹೊತ್ತು ಮಾತ್ರ ಅವಳ ಅಭ್ಯಾಸದ ಹೊತ್ತನ್ನು ಕೇಳಿ ಇಟ್ಟದ್ದಲ್ಲ. ಗೋಡೆಯ ಮೇಲೆ ಅವಳ ತಾಸು ಬರೆದರೆ ಸಾಲದು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಗೇಟಿನ ಹತ್ತಿರ ಒಂದು ದೀಪ ಇಲ್ಲದ ಪಾಳಿ ಅವಳಿಗೆ ನೀರಿಲ್ಲದ ಕಾಲುವೆ. ಶಾಲೆ ಬಿಟ್ಟ ಮೊದಲ ತಾಸು ಅವಳಿಗಿರಲಿ ಎಂದದ್ದು ಇದೇ ಕಾರಣಕ್ಕೆ: ಸಣ್ಣ ಊರಿನಲ್ಲಿ ಬೆಳಕಿನ ತಾಸು ಎಲ್ಲಕ್ಕಿಂತ ತುಟ್ಟಿಯ ಸಾಮಾನು.

ಇತ್ಯರ್ಥವಾಗದೆ ಉಳಿದವು

ಹಲವು ಗಂಟುಗಳು ಬಿಚ್ಚಿಲ್ಲ. ತಾಲೂಕು ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಲೆಕ್ಕಕ್ಕೆ, ಶಾಲೆಯ ಬಯಲು ಶಿಕ್ಷಣ ಇಲಾಖೆಗೆ, ಊರೊಳಗಿನ ಖುಲ್ಲಾ ಜಾಗ ಪುರಸಭೆಗೆ ಅಥವಾ ಗ್ರಾಮ ಪಂಚಾಯಿತಿಗೆ, ಕಾಲೇಜಿನದು ಆಡಳಿತ ಮಂಡಳಿಗೆ. ಆಡುವ ಹುಡುಗ ಒಬ್ಬನೇ. ಈ ನಾಲ್ವರನ್ನು ಒಂದು ಪಾಳಿಗೆ ತರುವ ಅಧಿಕಾರ ಕ್ಷೇತ್ರ ಶಿಕ್ಷಣಾಧಿಕಾರಿಗೂ ಇಲ್ಲ, ದೈಹಿಕ ಶಿಕ್ಷಣ ಪರಿವೀಕ್ಷಕರಿಗೂ ಇಲ್ಲ. ಶಾಲೆಯ ಹೊತ್ತು ಮೀರಿ ಬಂದ ಹೊರಗಿನ ಹುಡುಗನ ಕಾಲು ಮುರಿದರೆ ಹೊಣೆ ಯಾರದು ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗುವ ತನಕ ಮುಖ್ಯೋಪಾಧ್ಯಾಯರು ಕೀಲಿಕೈ ಬಿಟ್ಟುಕೊಡಲಾರರು. ದೊಡ್ಡ ಪಂದ್ಯಗಳು ಮ್ಯಾಟಿನ ಮೇಲೆ, ಸಿಂಥೆಟಿಕ್ ಟ್ರ್ಯಾಕಿನ ಮೇಲೆ ನಡೆಯುವಾಗ ಮಣ್ಣಿನಲ್ಲಿ ಪಳಗಿದ ಮಕ್ಕಳಿಗೂ ಅವು ಬೇಕೆನ್ನುವುದು ನ್ಯಾಯ. ತುಟ್ಟಿಯ ಹಾಸು ಬಂದಲ್ಲಿ ಬೇಲಿಯೂ ಬರುತ್ತದೆ. ಆಗ ಬರಿಗಾಲಿನಲ್ಲಿ ಓಡುವವನು ಯಾವ ಕಡೆ ನಿಲ್ಲುತ್ತಾನೆ? ಸವದತ್ತಿಯಿಂದ ಯರಗಟ್ಟಿ, ಬೈಲಹೊಂಗಲದಿಂದ ಕಿತ್ತೂರು ತಾಲೂಕುಗಳಾಗಿ ಬೇರ್ಪಟ್ಟ ಮೇಲೆ ಹೊಸ ಕಚೇರಿಗಳಿಗೆ ಜಾಗ ಹುಡುಕುವಾಗ ಊರ ನಡುವಿನ ಖಾಲಿ ಬಯಲು ಮೊದಲು ಕಣ್ಣಿಗೆ ಬೀಳುವ ಅಪಾಯವೂ ಉಂಟು. ಇನ್ನು ಭರ್ತಿಗೆ ಓಡುವವರು ಕ್ರೀಡಾಪಟುಗಳೋ, ಉದ್ಯೋಗಾರ್ಥಿಗಳೋ? ಕ್ರೀಡಾ ಇಲಾಖೆಯ ಪಟ್ಟಿಯಲ್ಲೂ ಅವರಿಲ್ಲ, ಶಿಕ್ಷಣ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಬೆಳಿಗ್ಗೆ ಐದೂವರೆಗೆ, ಗೇಟು ತೆರೆಯುವ ಮುಂಚೆ, ಕಾಂಪೌಂಡು ಹಾರಿ ಒಳಗೆ ಇಳಿಯುವವರು ಮಾತ್ರ ಅವರೇ.